ಒಣ ಬೆಳ್ಳುಳ್ಳಿಯೊಳಗೆ ಮಲಗಿರುವ ಘಾಟು

ಸಿಪ್ಪೆ ಸುಲಿಯದ ಬೆಳ್ಳುಳ್ಳಿ ಗಡ್ಡೆಯನ್ನು ಮೂಗಿಗೆ ಹಿಡಿದರೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ಅದರದೇ ಒಂದು ಎಸಳನ್ನು ಕುಟ್ಟಾಣಿಗೆ ಹಾಕಿ ಒಂದು ಪೆಟ್ಟು ಕೊಟ್ಟರೆ ಪಡಸಾಲೆಯಲ್ಲಿ ಕುಳಿತವರಿಗೂ ಗೊತ್ತಾಗುತ್ತದೆ. ಚೆನ್ನಾಗಿ ಒಣಗಿಸಿ ಪುಡಿ ಮಾಡಿದ ಬೆಳ್ಳುಳ್ಳಿಯ ಕಥೆ ಇನ್ನೂ ವಿಚಿತ್ರ. ಡಬ್ಬಿಯ ಮುಚ್ಚಳ ತೆಗೆದರೆ ಬರುವುದು ಮೆಲುವಾದ ಪರಿಮಳ ಅಷ್ಟೆ. ಚಿಟಿಕೆ ಪುಡಿಯನ್ನು ನಾಲಿಗೆಯ ಮೇಲಿಟ್ಟುಕೊಂಡರೆ ಮೊದಲ ಒಂದೆರಡು ಕ್ಷಣ ಸಿಹಿಮಿಶ್ರಿತ ಹಿಟ್ಟಿನ ರುಚಿ. ಆಮೇಲೆ ಎಂಜಲು ತಾಕುತ್ತಿದ್ದಂತೆ ಘಾಟು ಏರುತ್ತದೆ, ಏರುತ್ತಲೇ ಹೋಗುತ್ತದೆ.

ಅಲ್ಲಿಯವರೆಗೆ ಆ ಘಾಟು ಎಲ್ಲಿತ್ತು? ಪುಡಿಯೊಳಗೇ ಇತ್ತೆಂದರೆ ಡಬ್ಬಿ ತೆಗೆದಾಗಲೇ ಮೂಗಿಗೆ ಹೊಡೆಯಬೇಕಿತ್ತು. ಇರಲೇ ಇಲ್ಲವೆಂದರೆ ನಾಲಿಗೆಯ ಮೇಲೆ ಎಲ್ಲಿಂದ ಬಂತು?

ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಇನ್ನೊಂದು ದಿನಬಳಕೆಯ ಪ್ರಶ್ನೆಯೂ ಬಗೆಹರಿಯುತ್ತದೆ. ಒಂದೇ ಸಂತೆಯಲ್ಲಿ ಕೊಂಡ ಬೆಳ್ಳುಳ್ಳಿಯನ್ನು ಅಕ್ಕಪಕ್ಕದ ಎರಡು ಮನೆಯವರು ಒಣಗಿಸಿ ಬಾಟಲಿಗೆ ತುಂಬುತ್ತಾರೆ. ಒಂದು ಮನೆಯದು ದೀಪಾವಳಿಯವರೆಗೂ ಗರಿಗರಿಯಾಗಿ, ಘಾಟು ಕೆಡದೆ ಉಳಿಯುತ್ತದೆ. ಇನ್ನೊಂದು ಮನೆಯದು ಮುಂಗಾರು ಹಿಡಿಯುವಷ್ಟರಲ್ಲಿ ಬೂಷ್ಟು ಕಟ್ಟುತ್ತದೆ, ಇಲ್ಲವೇ ಕಂದುಬಣ್ಣಕ್ಕೆ ತಿರುಗಿ ಕಟ್ಟಿಗೆ ಚೂರಿನಂತೆ ಸಪ್ಪೆಯಾಗುತ್ತದೆ.

ಒಣಗಿಸಿಡುವ ಆಸೆ ಹುಟ್ಟಲು ಕಾರಣವೂ ಇದೆ. ದೇಶದಲ್ಲಿ ಅತಿ ಹೆಚ್ಚು ಬೆಳ್ಳುಳ್ಳಿ ಬೆಳೆಯುವ ರಾಜ್ಯ ಮಧ್ಯಪ್ರದೇಶ. ಅಲ್ಲಿನ ಮಂದಸೌರ್, ನೀಮಚ್, ರತ್ಲಾಮ್ ಸೀಮೆಯ ಹೊಸ ಬೆಳೆ ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಮಾರುಕಟ್ಟೆಗೆ ಬರುತ್ತದೆ. 2022ರಲ್ಲಿ ಧಾರಣೆ ಕಿಲೋಗೆ ಒಂದೆರಡು ರೂಪಾಯಿಗೆ ಕುಸಿದು ಅಲ್ಲಿನ ರೈತರು ಬೆಳ್ಳುಳ್ಳಿಯನ್ನು ಚೆಲ್ಲಿದ ಸುದ್ದಿ ಬಂದಿತ್ತು. 2024ರ ಆರಂಭದಲ್ಲಿ ಅದೇ ಬೆಳ್ಳುಳ್ಳಿ ಹಲವು ನಗರಗಳಲ್ಲಿ ಕಿಲೋಗೆ 400 ರೂಪಾಯಿ ದಾಟಿತು. ಅಗ್ಗವಿದ್ದಾಗ ಕೊಂಡು ತುಟ್ಟಿಯ ಕಾಲಕ್ಕೆ ಇಟ್ಟುಕೊಳ್ಳಬೇಕೆಂದು ಯಾವ ಗೃಹಿಣಿಗೂ ಅನ್ನಿಸುವುದು ಸಹಜ.

ಗಡ್ಡೆ ಬದುಕಿರುತ್ತದೆ

ಹೊಲದಿಂದ ಕಿತ್ತ ಬೆಳ್ಳುಳ್ಳಿಯನ್ನು ರೈತರು ತಕ್ಷಣ ಮೂಟೆ ಕಟ್ಟುವುದಿಲ್ಲ. ಸೊಪ್ಪಿನ ಸಮೇತ ಕಟ್ಟು ಕಟ್ಟಿ, ಗಾಳಿಯಾಡುವ ನೆರಳಿನಲ್ಲಿ ವಾರಗಟ್ಟಲೆ ತೂಗುಹಾಕುತ್ತಾರೆ. ಈ ಅವಧಿಯಲ್ಲಿ ಒಣಗುವುದು ಗಡ್ಡೆಯ ಹೊರಸಿಪ್ಪೆ ಮತ್ತು ಕುತ್ತಿಗೆ ಮಾತ್ರ. ಕುತ್ತಿಗೆ ಒಣಗಿ ಮುಚ್ಚಿಕೊಂಡರೆ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಒಳಗೆ ಹೋಗುವ ಬಾಗಿಲು ಹಾಕಿದಂತೆ. ಎಸಳಿನೊಳಗೆ ಶೇ 60ರ ಆಸುಪಾಸಿನ ನೀರು ಹಾಗೆಯೇ ಇರುತ್ತದೆ. ಗಡ್ಡೆ ಉಸಿರಾಡುತ್ತಾ ಮುಂದಿನ ಹಂಗಾಮಿಗೆ ಕಾಯುತ್ತಿರುತ್ತದೆ.

ಜೀವ ಇರುವುದರಿಂದಲೇ ಅದಕ್ಕೆ ಮೊಳಕೆಯೊಡೆಯುವ ಹಟವೂ ಇರುತ್ತದೆ. ಸುಮಾರು 5ರಿಂದ 18 ಡಿಗ್ರಿ ಸೆಲ್ಸಿಯಸ್ ನಡುವಿನ ತಂಪು ಸಿಕ್ಕರೆ ಮೊಳಕೆ ಅತಿ ಬೇಗ ಹೊರಬರುತ್ತದೆ. ಮನೆಯ ಫ್ರಿಜ್ಜಿನ ತರಕಾರಿ ಪೆಟ್ಟಿಗೆಯಲ್ಲಿ ಇರುವುದು ಹೆಚ್ಚುಕಡಿಮೆ ಇಂಥದೇ ತಂಪು. ಜೋಪಾನವಾಗಿರಲೆಂದು ಗಡ್ಡೆಯನ್ನು ಫ್ರಿಜ್ಜಿಗೆ ಸೇರಿಸಿದವರ ಕೈಗೆ ಹಸಿರು ನಾಲಿಗೆ ಚಾಚಿದ ಎಸಳು ಸಿಗುವುದು ಇದಕ್ಕೇ. ಶೈತ್ಯಾಗಾರಗಳಲ್ಲಿ ಶೂನ್ಯ ಡಿಗ್ರಿಯ ಹತ್ತಿರ, ಒಣ ಗಾಳಿಯಲ್ಲಿ ಇಟ್ಟಾಗ ಮಾತ್ರ ಅದು ಆರೇಳು ತಿಂಗಳು ಸುಮ್ಮನಿರುತ್ತದೆ.

ಸಿಪ್ಪೆ ಸುಲಿದ ಮೇಲಂತೂ ಕಾವಲೂ ಹೋಯಿತು. ಸುಲಿದ ಎಸಳನ್ನು ಕಾಪಾಡಬೇಕೆಂದರೆ ಒಳಗಿನ ನೀರಿಗೇ ಕೈ ಹಾಕಬೇಕು. ಹಾಕುವ ಮೊದಲು ಆ ನೀರು ಎಸಳಿನೊಳಗೆ ಮಾಡುವ ಕೆಲಸವೇನೆಂದು ತಿಳಿಯಬೇಕು.

ಅರಿಸಿನ, ಸುಣ್ಣ ಮತ್ತು ಆರತಿಯ ತಟ್ಟೆ

ಅರಿಸಿನ ಹಳದಿ, ಸುಣ್ಣ ಬಿಳಿ. ಎರಡನ್ನೂ ಒಣಪುಡಿಯಾಗಿ ಬೆರೆಸಿಟ್ಟರೆ ಹಳದಿಯೇ ಕಾಣುತ್ತದೆ. ನೀರು ಹಾಕಿ ಕದಡಿದ ಕೂಡಲೇ ಆರತಿಯ ಕೆಂಪು ಮೂಡುತ್ತದೆ. ಆ ಕೆಂಪು ಅರಿಸಿನದಲ್ಲೂ ಇರಲಿಲ್ಲ, ಸುಣ್ಣದಲ್ಲೂ ಇರಲಿಲ್ಲ. ಎರಡೂ ನೀರಿನಲ್ಲಿ ಕೂಡಿದಾಗ ಹುಟ್ಟಿತು.

ಬೆಳ್ಳುಳ್ಳಿಯ ಘಾಟೂ ಹೀಗೆಯೇ ಹುಟ್ಟುತ್ತದೆ. ಎಸಳಿನ ಜೀವಕೋಶಗಳಲ್ಲಿ ಗಂಧಕವುಳ್ಳ ಒಂದು ವಸ್ತು ಇರುತ್ತದೆ, ಅದರ ಹೆಸರು ಅಲಿಯಿನ್. ಅದಕ್ಕೆ ವಾಸನೆಯೇ ಇಲ್ಲ. ಬೇರೊಂದು ಬಗೆಯ ಕೋಶಗಳಲ್ಲಿ, ಅವುಗಳೊಳಗಿನ ಚೀಲದಂಥ ಕೋಣೆಗಳಲ್ಲಿ ಅಲಿನೇಸ್ ಎಂಬ ಕಿಣ್ವ ಇರುತ್ತದೆ. ಕಿಣ್ವವೆಂದರೆ ತಾನು ಕರಗದೆ ಇನ್ನೊಂದರ ರೂಪ ಬದಲಿಸುವ ಪ್ರೋಟೀನು, ಒಂದು ಬಗೆಯ ಕೆಲಸಗಾರ. ಎಸಳು ಇಡಿಯಾಗಿರುವಾಗ ಕಚ್ಚಾಮಾಲು ಒಂದು ಕೋಣೆಯಲ್ಲಿ, ಕೆಲಸಗಾರ ಇನ್ನೊಂದರಲ್ಲಿ. ನಡುವೆ ಗೋಡೆ.

ಚಾಕು ಇಳಿದಾಗ, ಕುಟ್ಟಾಣಿಯ ಪೆಟ್ಟು ಬಿದ್ದಾಗ, ಹುಳ ಕಚ್ಚಿದಾಗ ಗೋಡೆ ಒಡೆಯುತ್ತದೆ. ಎಸಳಿನ ರಸದಲ್ಲಿ ಇಬ್ಬರೂ ಕೂಡುತ್ತಾರೆ. ಕಣ್ಣುಮುಚ್ಚಿ ತೆರೆಯುವುದರೊಳಗೆ ಅಲಿಸಿನ್ ಎಂಬ ಹೊಸ ವಸ್ತು ಹುಟ್ಟತೊಡಗುತ್ತದೆ. ಮೂಗಿಗೆ ಬಡಿಯುವ, ನಾಲಿಗೆ ಸುಡುವ ಘಾಟು ಇದೇ. ಬೆಳ್ಳುಳ್ಳಿಗಿದು ಆತ್ಮರಕ್ಷಣೆಯ ಅಸ್ತ್ರ. ಕಚ್ಚಿದವರಿಗೆ ಮಾತ್ರ ತಗಲುವಂತೆ, ಕಚ್ಚಿದ ಜಾಗದಲ್ಲೇ, ಕಚ್ಚಿದ ಗಳಿಗೆಯಲ್ಲೇ ತಯಾರಾಗುತ್ತದೆ.

ವಾಸನೆಯಿಲ್ಲದ ಬಿಳಿ ಪುಡಿ

ಘಾಟು ಹುಟ್ಟುವ ಈ ಒಗಟನ್ನು ಬಿಡಿಸಿದವರಲ್ಲಿ ಮೊದಲಿಗ ಅಮೆರಿಕದ ರಸಾಯನಶಾಸ್ತ್ರಜ್ಞ ಚೆಸ್ಟರ್ ಕ್ಯಾವಲಿಟೊ. 1944ರಲ್ಲಿ ಅವರೂ ಜಾನ್ ಬೈಲಿ ಎಂಬವರೂ ಕೂಡಿ ಬೆಳ್ಳುಳ್ಳಿಯಿಂದ ಅಲಿಸಿನ್ ಅನ್ನು ಬೇರ್ಪಡಿಸಿದರು. ಅದು ಇಡೀ ಎಸಳಿನಲ್ಲಿ ಮೊದಲೇ ಇರುತ್ತದೆಯೋ, ಆಮೇಲೆ ಹುಟ್ಟುತ್ತದೆಯೋ ಎಂಬ ಪ್ರಶ್ನೆ ಉಳಿದಿತ್ತು.

ಮರುವರ್ಷ ಕ್ಯಾವಲಿಟೊ ಬಳಗ ವರದಿ ಮಾಡಿದ ಪ್ರಯೋಗ ಇವತ್ತಿಗೂ ಪಾಠ ಹೇಳುವಂಥದು. ಅವರು ಎಸಳುಗಳನ್ನು ಡ್ರೈ ಐಸಿನಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿಸಿದರು. ಕರಗಲು ಬಿಡದೆ ಅಸಿಟೋನ್ ಜೊತೆ ಅರೆದು ನೀರಿನಂಶ ತೆಗೆದರು. ಕೈಗೆ ಬಂದ ಬಿಳಿ ಪುಡಿಗೆ ವಾಸನೆ ಇರಲಿಲ್ಲ. ಕೋಣೆಗಳ ಗೋಡೆ ಒಡೆದಿದ್ದವು, ಕಚ್ಚಾಮಾಲು ಮತ್ತು ಕೆಲಸಗಾರ ಪಕ್ಕಪಕ್ಕದಲ್ಲೇ ಇದ್ದರು. ಆದರೂ ಏನೂ ನಡೆದಿರಲಿಲ್ಲ. ಸ್ವಲ್ಪ ನೀರು ಹಾಕಿದರು, ಬೆಳ್ಳುಳ್ಳಿಯ ವಾಸನೆ ಎದ್ದಿತು. ಆ ಪುಡಿಯ ಇನ್ನೊಂದು ಪಾಲನ್ನು ಮದ್ಯಸಾರದಲ್ಲಿ ಅರ್ಧ ಗಂಟೆ ಬಿಸಿ ಮಾಡಿ, ಆಮೇಲೆ ನೀರು ಹಾಕಿ ನೋಡಿದರು. ಈ ಸಲ ವಾಸನೆ ಏಳಲಿಲ್ಲ. ಕೆಲಸಗಾರ ಬಿಸಿಗೆ ಸತ್ತಿದ್ದ. ಬಿಸಿ ಮಾಡದ ಪುಡಿಯನ್ನು ಅದಕ್ಕೆ ತುಸು ಬೆರೆಸಿದಾಗ ಕೆಲಸ ಮತ್ತೆ ಶುರುವಾಯಿತು.

1940ರ ದಶಕ ಮುಗಿಯುವ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಆರ್ಥರ್ ಸ್ಟೋಲ್ ಮತ್ತು ಎವಾಲ್ಡ್ ಸೀಬೆಕ್ ಆ ಕಚ್ಚಾಮಾಲನ್ನು ಬೇರ್ಪಡಿಸಿ ಅಲಿಯಿನ್ ಎಂದು ಗುರುತಿಸಿದರು. ಲೆಕ್ಕ ಮುಗಿಯಿತು.

ಬೆಳ್ಳುಳ್ಳಿ ಒಣಗಿಸುವವರಿಗೆ ಬೇಕಾದದ್ದೆಲ್ಲ ಈ ಒಂದು ಪ್ರಯೋಗದಲ್ಲಿದೆ. ನೀರು ತೆಗೆದರೆ ಕೆಲಸ ನಿಲ್ಲುತ್ತದೆ. ನೀರು ಕೊಟ್ಟರೆ ಮತ್ತೆ ನಡೆಯುತ್ತದೆ. ಬಿಸಿ ಹೆಚ್ಚಾದರೆ ಕೆಲಸಗಾರನೇ ಸಾಯುತ್ತಾನೆ, ಮತ್ತೆಷ್ಟು ನೀರು ಹಾಕಿದರೂ ಏಳುವುದಿಲ್ಲ. ಹದವಾಗಿ ಒಣಗಿಸುವುದೆಂದರೆ ಕಿಣ್ವವನ್ನು ಕೊಲ್ಲದೆ ಮಲಗಿಸುವುದು.

ಅಡವಿಟ್ಟ ನೀರು

ನೀರು ತೆಗೆಯಬೇಕು ಸರಿ, ಎಷ್ಟು ತೆಗೆಯಬೇಕು? ಜೇನುತುಪ್ಪದಲ್ಲಿ ಶೇ 18ರಷ್ಟು ನೀರಿರುತ್ತದೆ. ವರ್ಷಗಟ್ಟಲೆ ಇಟ್ಟರೂ ಅದಕ್ಕೆ ಬೂಷ್ಟು ಬರುವುದಿಲ್ಲ. ಅಷ್ಟೇ ನೀರಿರುವ ಜೋಳವನ್ನೋ ಶೇಂಗಾವನ್ನೋ ಮೂಟೆ ಕಟ್ಟಿದರೆ ಕೆಲವೇ ದಿನಗಳಲ್ಲಿ ಮುಗ್ಗುವಾಸನೆ ಬರುತ್ತದೆ. ಹಾಗಾದರೆ ನೀರಿನ ಪ್ರಮಾಣವೊಂದನ್ನೇ ನೋಡಿದರೆ ಸಾಲದು.

ಮನೆಯಲ್ಲಿ ಒಡವೆ ಇದ್ದರೂ ಅದನ್ನು ಅಡವಿಟ್ಟಿದ್ದರೆ ಮದುವೆಗೆ ಹಾಕಿಕೊಂಡು ಹೋಗಲಾಗದು. ಜೇನಿನ ನೀರು ಸಕ್ಕರೆಯ ಬಳಿ ಅಡವಿಟ್ಟ ಒಡವೆ. ಉಪ್ಪಿನಕಾಯಿಯ ನೀರನ್ನು ಉಪ್ಪು ಹಿಡಿದಿಟ್ಟುಕೊಂಡಿರುತ್ತದೆ. ಹೀಗೆ ಹಿಡಿತದಲ್ಲಿರುವುದನ್ನು ಕಟ್ಟುನೀರು ಎನ್ನಬಹುದು, ಯಾರಾದರೂ ಬಳಸಿಕೊಳ್ಳಲು ಸಿಗುವುದನ್ನು ಬಿಡಿನೀರು. ಬ್ಯಾಕ್ಟೀರಿಯಾ, ಬೂಷ್ಟು, ಕಿಣ್ವ ಎಲ್ಲಕ್ಕೂ ಬೇಕಾದದ್ದು ಬಿಡಿನೀರು.

ಆಸ್ಟ್ರೇಲಿಯಾದ ಸೂಕ್ಷ್ಮಜೀವಿ ವಿಜ್ಞಾನಿ ವಿಲಿಯಂ ಜೇಮ್ಸ್ ಸ್ಕಾಟ್ 1950ರ ದಶಕದಲ್ಲಿ ಈ ವಿಚಾರಕ್ಕೆ ಅಂಕಿಗಳ ತಳಹದಿ ಹಾಕಿದರು. ಆಹಾರ ವಿಜ್ಞಾನಿಗಳು ವಾಟರ್ ಆ್ಯಕ್ಟಿವಿಟಿ ಎಂದು ಕರೆಯುವ ಬಿಡಿನೀರಿನ ಅಳತೆ ಸೊನ್ನೆಯಿಂದ ಒಂದರವರೆಗೆ ಹೋಗುತ್ತದೆ. ಶುದ್ಧ ನೀರಿನದು 1. ಅಳತೆ 0.9ರ ಕೆಳಗಿಳಿದರೆ ಹೆಚ್ಚಿನ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಬೂಷ್ಟುಗಳಲ್ಲಿ ಬಹಳಷ್ಟು 0.8ರ ಬಳಿ ಸೋಲುತ್ತವೆ. 0.6ರ ಕೆಳಗೆ ಯಾವ ಸೂಕ್ಷ್ಮಜೀವಿಯೂ ಬೆಳೆಯುವುದಿಲ್ಲ. ಗರಿಗರಿಯಾಗಿ ಒಣಗಿದ ಬೆಳ್ಳುಳ್ಳಿಯಲ್ಲಿ ಉಳಿಯುವುದು ಶೇ 6ರ ಆಸುಪಾಸಿನ ನೀರು. ಅದನ್ನೂ ಎಸಳಿನ ಸಕ್ಕರೆಸರಪಳಿಗಳು ಮತ್ತು ಪ್ರೋಟೀನುಗಳು ಬಿಗಿಯಾಗಿ ಹಿಡಿದಿರುತ್ತವೆ. ಬೂಷ್ಟಿಗೆ ಕುಡಿಯಲು ಹನಿ ಸಿಗದು, ಕಿಣ್ವಕ್ಕೆ ಕಚ್ಚಾಮಾಲಿನ ಬಳಿ ಸರಿಯಲು ದಾರಿ ಇರದು. ಎರಡು ಕೇಡುಗಳಿಗೂ ಒಂದೇ ಬೀಗ.

ಈ ಅಳತೆಗೆ ಇನ್ನೊಂದು ಉಪಯೋಗವಿದೆ. ಒಣ ಆಹಾರವನ್ನು ತೆರೆದಿಟ್ಟರೆ ಅದು ಸುತ್ತಲಿನ ಗಾಳಿಯ ತೇವಕ್ಕೆ ಹೊಂದಿಕೊಳ್ಳುತ್ತಾ ಹೋಗುತ್ತದೆ. ಗಾಳಿಯ ಆರ್ದ್ರತೆ ಶೇ 85 ಇದ್ದರೆ ಬೆಳ್ಳುಳ್ಳಿಯ ಬಿಡಿನೀರಿನ ಅಳತೆ ನಿಧಾನವಾಗಿ 0.85ರತ್ತ ಏರುತ್ತದೆ, ಅಂದರೆ ಬೂಷ್ಟಿನ ಸೀಮೆಗೆ. ಜುಲೈ ತಿಂಗಳ ಮಂಗಳೂರಿನಲ್ಲೋ ಆಗುಂಬೆಯಲ್ಲೋ ಮುಚ್ಚಳ ಸಡಿಲಬಿಟ್ಟ ಬಾಟಲಿಗೆ ಆಗುವುದು ಇದೇ. ವಿಜಯಪುರ, ಬಾಗಲಕೋಟೆಯ ಮಾರ್ಚ್ ಮಧ್ಯಾಹ್ನದ ಗಾಳಿಯಲ್ಲಿ ಆರ್ದ್ರತೆ ಶೇ 30ಕ್ಕಿಂತ ಕೆಳಗಿಳಿಯುವುದುಂಟು. ಅಲ್ಲಿ ಗಾಳಿಯೇ ಎಸಳಿನಿಂದ ನೀರು ಎಳೆದುಕೊಳ್ಳುತ್ತದೆ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಗಳೆಲ್ಲ ಬೇಸಿಗೆಯ ಮಾಳಿಗೆ ಏರುವುದರ ಹಿಂದಿರುವ ಲೆಕ್ಕವೂ ಇದೇ.

ಹೆಚ್ಚುವ ಹದ

ಸುಲಿದ ಎಸಳನ್ನು ಇಡಿಯಾಗಿಯೇ ಒಣಗಿಸಿದರೆ ಏನಾಗುತ್ತದೆ? ಹೊರಗೆ ಒಣಗಿದಂತೆ ಕಂಡರೂ ನಡುವೆ ಹಸಿ ಉಳಿಯುತ್ತದೆ. ಎಸಳಿನ ನಡುವೆ ಇರುವ ನೀರಿನ ಕಣ ತೇರಿನ ದಿನ ರಥಬೀದಿಯ ನಡುವೆ ಸಿಕ್ಕಿಕೊಂಡವನ ಹಾಗೆ. ನೇರ ದಾರಿಯಿಲ್ಲ. ಹಿಂದಕ್ಕೂ ಮುಂದಕ್ಕೂ ತಳ್ಳಿಸಿಕೊಳ್ಳುತ್ತಾ ಅಂಚು ಮುಟ್ಟಬೇಕು. ಇಂಥ ನಡಿಗೆಯಲ್ಲಿ ದೂರ ಎರಡರಷ್ಟಾದರೆ ಹಿಡಿಯುವ ಸಮಯ ನಾಲ್ಕರಷ್ಟಾಗುತ್ತದೆ. ಬಿಲ್ಲೆಯ ದಪ್ಪವನ್ನು ಅರ್ಧ ಮಾಡಿದರೆ ಒಳಗಿನ ನೀರು ಹೊರಬರುವ ಸಮಯ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ.

ಹಾಗೆಂದು ಬೆಳ್ಳುಳ್ಳಿಯನ್ನು ರುಬ್ಬಿ ಪೇಸ್ಟ್ ಮಾಡಿ ಒಣಗಿಸುವುದು ಜಾಣತನವಲ್ಲ. ರುಬ್ಬಿದಾಗ ಎಲ್ಲ ಗೋಡೆಗಳೂ ಒಡೆದು, ಕಚ್ಚಾಮಾಲೆಲ್ಲ ಒಮ್ಮೆಲೇ ಅಲಿಸಿನ್ ಆಗುತ್ತದೆ. ಅಲಿಸಿನ್ ಬಾಳಿಕೆಯ ವಸ್ತುವಲ್ಲ. ಒಣಗುವ ಗಂಟೆಗಳಲ್ಲಿ ಒಡೆದು ಬೇರೆ ಗಂಧಕದ ವಸ್ತುಗಳಾಗಿ ಗಾಳಿಗೆ ಹಾರಿಹೋಗುತ್ತದೆ. ಮನೆಯೆಲ್ಲ ಘಾಟು ತುಂಬಿದಾಗ ಹೋಗುತ್ತಿರುವುದು ಬಾಟಲಿಗೆ ಸೇರಬೇಕಾದ ಸತ್ವವೇ. ಹರಿತವಾದ ಚಾಕುವಿನಿಂದ ಎರಡು ಮೂರು ಮಿಲಿಮೀಟರಿನ ಬಿಲ್ಲೆ ಹೆಚ್ಚಿದರೆ ಗೋಡೆ ಒಡೆಯುವುದು ಕತ್ತರಿಸಿದ ಎರಡು ಮೈಗಳಲ್ಲಿ ಮಾತ್ರ. ನಡುವಿನ ಕೋಣೆಗಳು ಬೀಗ ಹಾಕಿದ ಹಾಗೆಯೇ ಒಣಗುತ್ತವೆ. ಮೊಂಡು ಚಾಕು ಕೋಶಗಳನ್ನು ಜಜ್ಜುತ್ತದೆ, ಸತ್ವ ಅಷ್ಟರ ಮಟ್ಟಿಗೆ ಸೋರುತ್ತದೆ.

ಬಿಲ್ಲೆಗಳೆಲ್ಲ ಒಂದೇ ದಪ್ಪ ಇರಬೇಕು. ನಡುವಿನ ಹಸಿರು ಮೊಳಕೆ, ಕಪ್ಪು ಚುಕ್ಕೆ, ಮೆತ್ತಗಾದ ಭಾಗ ಇದ್ದರೆ ತೆಗೆದುಬಿಡಬೇಕು. ಜವಾರಿ ಬೆಳ್ಳುಳ್ಳಿಯ ಸಣ್ಣ ಎಸಳುಗಳನ್ನು ಉದ್ದಕ್ಕೆ ಎರಡಾಗಿ ಸೀಳಿದರೂ ನಡೆಯುತ್ತದೆ, ಸಮಯ ಮಾತ್ರ ಹೆಚ್ಚು ಬೇಕು.

ಎಷ್ಟು ಬಿಸಿ?

ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಮನೆಯಲ್ಲಿ ಆಹಾರ ಕಾಪಿಡುವ ವಿಧಾನಗಳಿಗೆಂದೇ ಒಂದು ರಾಷ್ಟ್ರೀಯ ಕೇಂದ್ರವಿದೆ. ಅಲ್ಲಿನ ವಿಸ್ತರಣಾ ತಜ್ಞರು ಬೆಳ್ಳುಳ್ಳಿಗೆ ಹೇಳುವ ಕ್ರಮ ಹೀಗಿದೆ: ಮೊದಲ ಎರಡು ಗಂಟೆ 60 ಡಿಗ್ರಿ ಸೆಲ್ಸಿಯಸ್, ಆಮೇಲೆ ಪೂರ್ತಿ ಒಣಗುವವರೆಗೆ ಸುಮಾರು 54 ಡಿಗ್ರಿ.

ಕೆಲಸಗಾರ ಬಿಸಿಗೆ ಸಾಯುತ್ತಾನೆಂದ ಮೇಲೆ ಮೊದಲೇ ಹೆಚ್ಚು ಬಿಸಿ ಏಕೆ? ಉತ್ತರ ಮಣ್ಣಿನ ಹೂಜಿಯಲ್ಲಿದೆ. ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಬಿಸಿಯನ್ನೂ ಕೊಂಡೊಯ್ಯುತ್ತದೆ, ಹಾಗಾಗಿ ಸುಡುಬೇಸಿಗೆಯಲ್ಲೂ ಒಳಗಿನ ನೀರು ತಂಪು. ಹಸಿ ಬಿಲ್ಲೆಯೂ ಮೊದಲ ಗಂಟೆಗಳಲ್ಲಿ ಹೀಗೆ ಬೆವರುತ್ತಿರುತ್ತದೆ. ಸುತ್ತ ಬೀಸುವ ಗಾಳಿ 60 ಡಿಗ್ರಿ ಇದ್ದರೂ ಬಿಲ್ಲೆಯ ಮೈ ಅದಕ್ಕಿಂತ ಎಷ್ಟೋ ತಂಪಾಗಿರುತ್ತದೆ. ನೀರು ಮುಗಿಯುತ್ತಾ ಬಂದಂತೆ ಬೆವರು ನಿಲ್ಲುತ್ತದೆ, ಬಿಲ್ಲೆ ಗಾಳಿಯಷ್ಟೇ ಬಿಸಿಯಾಗತೊಡಗುತ್ತದೆ. ಬಿಸಿ ಇಳಿಸಬೇಕಾದ ಹೊತ್ತು ಅದು.

ಆತುರಪಟ್ಟು 80, 90 ಡಿಗ್ರಿಗೆ ಏರಿಸಿದರೆ ಎರಡು ಕಡೆ ನಷ್ಟ. ಕಾವು ಸಾಲದಿದ್ದರೆ ಬೋಂಡಾ ಎಣ್ಣೆ ಕುಡಿಯುತ್ತದೆ, ಕಾವು ಮೀರಿದರೆ ಹೊರಗೆ ಕೆಂಪಗೆ ಬೆಂದು ಒಳಗೆ ಹಸಿಹಿಟ್ಟು ಉಳಿಯುತ್ತದೆ. ಬೆಳ್ಳುಳ್ಳಿಯ ಬಿಲ್ಲೆಗೂ ಕಾವು ಮೀರಿದಾಗ ಗಟ್ಟಿ ಹೊರಪದರ ಕಟ್ಟಿಕೊಂಡು ಒಳನೀರಿಗೆ ಬಾಗಿಲು ಮುಚ್ಚಿಹೋಗುತ್ತದೆ. ಜೊತೆಗೆ ಕಿಣ್ವ ಸಾಯುತ್ತದೆ, ಸಕ್ಕರೆ ಮತ್ತು ಪ್ರೋಟೀನು ಕೂಡಿ ಬಿಲ್ಲೆ ಕಂದಾಗುತ್ತದೆ. ನೋಡಲು ಒಣ, ಒಳಗೆ ಹಸಿ, ರುಚಿಯಲ್ಲಿ ಸಪ್ಪೆ.

ಮೈಕ್ರೋವೇವ್ ಒಲೆಯಂತೂ ಈ ಕೆಲಸಕ್ಕೆ ಬೇಡವೇ ಬೇಡ. 2001ರಲ್ಲಿ ಸಾಂಗ್ ಮತ್ತು ಮಿಲ್ನರ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಜಜ್ಜದ ಬೆಳ್ಳುಳ್ಳಿಯನ್ನು ಕೇವಲ 60 ಸೆಕೆಂಡು ಮೈಕ್ರೋವೇವಿನಲ್ಲಿ ಇಟ್ಟರೂ ಕಿಣ್ವ ನಿಷ್ಕ್ರಿಯವಾಗಿತ್ತು. ಯುರೋಪಿನ ಔಷಧಕೋಶ ಬೆಳ್ಳುಳ್ಳಿ ಪುಡಿಗೆ ವಿಧಿಸಿರುವ ನಿಯಮವೂ ಇದನ್ನೇ ಹೇಳುತ್ತದೆ. ಪುಡಿಯನ್ನು ಹೆಪ್ಪುಗಟ್ಟಿಸಿ ಒಣಗಿಸಿರಬೇಕು, ಇಲ್ಲವೇ 65 ಡಿಗ್ರಿ ಮೀರದ ಬಿಸಿಯಲ್ಲಿ ಒಣಗಿಸಿರಬೇಕು, ಮತ್ತು ಅದರಿಂದ ಕನಿಷ್ಠ ಶೇ 0.45ರಷ್ಟು ಅಲಿಸಿನ್ ಹುಟ್ಟಬೇಕು.

ಬಿಸಿಲಿನಲ್ಲೇ ಒಣಗಿಸುವವರಿಗೆ ಬಿಸಿಲಿಗಿಂತ ಗಾಳಿ ಮುಖ್ಯ. ಉತ್ತರ ಕರ್ನಾಟಕದ ಫೆಬ್ರವರಿ, ಮಾರ್ಚ್, ಏಪ್ರಿಲ್ ಇದಕ್ಕೆ ಹೇಳಿಮಾಡಿಸಿದ ಕಾಲ. ಬಿಲ್ಲೆಗಳನ್ನು ತಟ್ಟೆಯಲ್ಲಿ ಗುಡ್ಡೆ ಹಾಕದೆ, ಕೆಳಗಿನಿಂದಲೂ ಗಾಳಿ ಆಡುವಂತೆ ಜಾಲರಿಯ ಮೇಲೆ ಒಂದೇ ಪದರದಲ್ಲಿ ಹರಡಿ, ಮೇಲೆ ತೆಳುಬಟ್ಟೆ ಕಟ್ಟಬೇಕು. ಸಂಜೆ ಒಳಗೆ ತರಬೇಕು, ಹಗಲು ಕಳೆದುಕೊಂಡ ನೀರನ್ನು ರಾತ್ರಿಯ ಇಬ್ಬನಿ ಮರಳಿ ಕೊಟ್ಟುಬಿಡುತ್ತದೆ. ಕರಾವಳಿ, ಮಲೆನಾಡಿನವರಿಗೆ ಬಿಸಿಗಾಳಿ ಬೀಸುವ ಮನೆಬಳಕೆಯ ಡ್ರೈಯರ್ ಅಥವಾ ಬಾಗಿಲು ತುಸು ತೆರೆದಿಟ್ಟ ಓವನ್ ಹೆಚ್ಚು ಭರವಸೆಯದು. ಬೆಳ್ಳುಳ್ಳಿಯಲ್ಲಿ ಹುಳಿಯ ರಕ್ಷಣೆ ಇಲ್ಲದ ಕಾರಣ ಅರೆಒಣಗಿದ ಸ್ಥಿತಿಯಲ್ಲಿ ದಿನಗಟ್ಟಲೆ ಬಿಡುವುದು ಒಳ್ಳೆಯದಲ್ಲ.

ಟಕ್ ಎನ್ನಬೇಕು

ಒಣಗಿತೆಂದು ತಿಳಿಯುವುದು ಹೇಗೆ? ಬಿಸಿ ಇರುವಾಗ ಎಲ್ಲ ಬಿಲ್ಲೆಗಳೂ ಮೆತ್ತಗೆ ಅನಿಸುತ್ತವೆ. ನಾಲ್ಕಾರು ಬಿಲ್ಲೆಗಳನ್ನು ತೆಗೆದು ಐದು ನಿಮಿಷ ಆರಲು ಬಿಟ್ಟು, ಅವುಗಳಲ್ಲಿ ಅತಿ ದಪ್ಪನೆಯದನ್ನು ಆರಿಸಿ ಎರಡು ಬೆರಳಲ್ಲಿ ಮುರಿಯಬೇಕು. ಟಕ್ ಎಂದು ಮುರಿದು, ಮುರಿದ ಅಂಚು ಗಾಜಿನ ಚೂರಿನಂತೆ ಕಾಣಬೇಕು. ಬಾಗಿದರೆ, ತೊಗಲಿನಂತೆ ಜಗ್ಗಿದರೆ ಇನ್ನೂ ಕೆಲಸ ಬಾಕಿ ಇದೆ.

ತಕ್ಕಡಿಯೂ ಸಾಕ್ಷಿ ಹೇಳುತ್ತದೆ. ಸುಲಿದ ಒಂದು ಕಿಲೋ ಬೆಳ್ಳುಳ್ಳಿಯಲ್ಲಿ ಘನಪದಾರ್ಥ 400 ಗ್ರಾಮಿಗೆ ತುಸು ಕಡಿಮೆ. ಉಳಿಯುವ ಶೇ 6ರ ನೀರು ಸೇರಿ ಒಣ ಬಿಲ್ಲೆಯ ತೂಕ 400 ಗ್ರಾಮಿನ ಹತ್ತಿರ ಬರಬೇಕು. ತಕ್ಕಡಿ 500 ತೋರಿಸಿದರೆ ಬಿಲ್ಲೆಯೊಳಗೆ ನೂರು ಗ್ರಾಮಿನಷ್ಟು ಹೆಚ್ಚುವರಿ ನೀರು ಕೂತಿದೆಯೆಂದೇ ಲೆಕ್ಕ.

ಇನ್ನೊಂದು ಪರೀಕ್ಷೆ ಬಾಟಲಿಯಲ್ಲಿ ನಡೆಯುತ್ತದೆ. ಪೂರ್ತಿ ಆರಿದ ಬಿಲ್ಲೆಗಳನ್ನು ಗಾಜಿನ ಬಾಟಲಿಗೆ ಮೂರನೇ ಎರಡು ಭಾಗದಷ್ಟು ತುಂಬಿ ಮುಚ್ಚಳ ಬಿಗಿದು, ವಾರದಿಂದ ಹತ್ತು ದಿನ ದಿನಕ್ಕೊಮ್ಮೆ ಕುಲುಕಬೇಕು. ಕೆಲವು ಬಿಲ್ಲೆಗಳಲ್ಲಿ ಹೆಚ್ಚು ನೀರು ಉಳಿದಿದ್ದರೆ ಒಣಗಿದ ಬಿಲ್ಲೆಗಳು ಅದನ್ನು ಹಂಚಿಕೊಳ್ಳುತ್ತವೆ. ಗಾಜಿನ ಒಳಮೈಯಲ್ಲಿ ಮಂಜು ಕಂಡರೆ, ಬಿಲ್ಲೆಗಳು ಒಂದಕ್ಕೊಂದು ಅಂಟಿದರೆ ಎಲ್ಲವನ್ನೂ ಮತ್ತೆ ಒಣಗಲು ಹಾಕಬೇಕು. ಒಂದರಲ್ಲಾದರೂ ಬೂಷ್ಟು ಕಂಡರೆ ಇಡೀ ಬಾಟಲಿ ಚೆಲ್ಲಬೇಕು. ಆರಿಸಿ ತೆಗೆದು ಉಳಿದದ್ದನ್ನು ಬಳಸುವ ಆಸೆ ಬೇಡ.

ಇಡುವುದು ಬಿಲ್ಲೆಯ ರೂಪದಲ್ಲೇ ಇರಲಿ. ಪುಡಿಯಾದ ಮೇಲೆ ಗಾಳಿಗೆ ತೆರೆದ ಮೈ ಎಷ್ಟೋ ಪಟ್ಟು ಹೆಚ್ಚುತ್ತದೆ. ಬೆಳ್ಳುಳ್ಳಿಯ ಸಕ್ಕರೆಸರಪಳಿಗಳು ತೇವಕ್ಕೆ ಹಸಿದಿರುವಂಥವು. ಪುಡಿ ಬೇಗ ಉಂಡೆಗಟ್ಟುತ್ತದೆ. ಹದಿನೈದು ದಿನಕ್ಕೆ ಸಾಕಾಗುವಷ್ಟು ಮಾತ್ರ ಮಿಕ್ಸಿಗೆ ಹಾಕಿಕೊಂಡು, ಉಳಿದದ್ದನ್ನು ಒಲೆಯಿಂದ ದೂರದ ತಂಪಾದ ಕತ್ತಲೆಯ ಕಪಾಟಿನಲ್ಲಿ ಇಡಬೇಕು. ಒಣ ಆಹಾರಗಳಿಗೆ ಮಾರ್ಗದರ್ಶಿಗಳು ಹೇಳುವ ಅವಧಿ ನಾಲ್ಕು ತಿಂಗಳಿಂದ ಒಂದು ವರ್ಷ. ಕೋಣೆ ಬೆಚ್ಚಗಿದ್ದಷ್ಟೂ ಆಯುಷ್ಯ ಕಡಿಮೆ.

ಎಣ್ಣೆಯೊಳಗಿನ ಅಪಾಯ

ಅರೆಒಣಗಿದ ಅಥವಾ ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವ ರೂಢಿಯ ಬಗ್ಗೆ ಇಲ್ಲಿ ಗಂಭೀರವಾಗಿ ಹೇಳಲೇಬೇಕು. ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ, ಮಣ್ಣಿನೊಳಗೆ ಬೆಳೆದ ಬೆಳ್ಳುಳ್ಳಿಯ ಮೇಲೂ ಇರಬಹುದು. ಗಾಳಿ ಇರುವಲ್ಲಿ ಅವು ಸುಮ್ಮನಿರುತ್ತವೆ. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಎಸಳು ನೀರು ಕೊಡುತ್ತದೆ, ಹುಳಿ ಇಲ್ಲ, ಕೋಣೆಯ ಬಿಸುಪು ಬೇರೆ. ಬೀಜಾಣು ಮೊಳೆತು ಹೊರಸೂಸುವ ವಿಷ ನರಗಳನ್ನು ಕಟ್ಟಿಹಾಕಿ ಉಸಿರಾಟ ನಿಲ್ಲಿಸಬಲ್ಲದು. ಬಣ್ಣ, ವಾಸನೆ ಕೆಡಲೇಬೇಕೆಂದಿಲ್ಲ.

1985ರಲ್ಲಿ ಕೆನಡಾದ ವ್ಯಾಂಕೂವರ್ ನಗರದ ರೆಸ್ಟೋರೆಂಟ್ ಒಂದರಲ್ಲಿ ಉಂಡ 36 ಜನ ಹೀಗೆ ಕಾಯಿಲೆ ಬಿದ್ದರು. ಮೂಲ ಹುಡುಕಿದಾಗ ಸಿಕ್ಕಿದ್ದು ಸೋಯಾ ಎಣ್ಣೆಯಲ್ಲಿ ಹಾಕಿ, ತಂಪಿನಲ್ಲಿಡದೆ ಹೊರಗಿಟ್ಟಿದ್ದ ಹೆಚ್ಚಿದ ಬೆಳ್ಳುಳ್ಳಿಯ ಬಾಟಲಿ. 1989ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲೂ ಮೂವರಿಗೆ ಹೀಗೆಯೇ ಆಯಿತು. ಆ ಬಳಿಕ ಅಮೆರಿಕದ ಆಹಾರ ನಿಯಂತ್ರಕರು ಇಂಥ ಬಾಟಲಿಗಳಿಗೆ ಹುಳಿ ಸೇರಿಸುವುದನ್ನು ಕಡ್ಡಾಯ ಮಾಡಿದರು.

ಈ ಬ್ಯಾಕ್ಟೀರಿಯಾ ಬೆಳೆಯಲು ಬಿಡಿನೀರಿನ ಅಳತೆ 0.93ಕ್ಕಿಂತ ಹೆಚ್ಚು ಬೇಕು. ಟಕ್ ಎಂದು ಮುರಿಯುವ ಬಿಲ್ಲೆ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಒಣಗಿಸುವುದರಿಂದ ಬೀಜಾಣುಗಳು ಸಾಯುವುದಿಲ್ಲ, ಕಿಣ್ವದಂತೆ ಅವೂ ಮಲಗಿರುತ್ತವೆ. ನೆನೆಸಿದ ಬೆಳ್ಳುಳ್ಳಿಯನ್ನು ಆಗಲೇ ಬಳಸಬೇಕು, ಎಣ್ಣೆ ಹಾಕಿ ಎತ್ತಿಡಬಾರದು.

ಎಬ್ಬಿಸುವ ವಿಧಾನ

ಇಷ್ಟೆಲ್ಲ ಜೋಪಾನ ಮಾಡಿದ ಪುಡಿಯನ್ನು ಕಾದ ಎಣ್ಣೆಯ ಒಗ್ಗರಣೆಗೆ ನೇರವಾಗಿ ಸುರಿದರೆ ಕಿಣ್ವ ಏಳುವ ಮೊದಲೇ ಸಾಯುತ್ತದೆ. ಹುರಿದ ಬೆಳ್ಳುಳ್ಳಿಯ ಪರಿಮಳ ಸಿಗುತ್ತದೆ, ಘಾಟು ಸಿಗುವುದಿಲ್ಲ. ನಿಂಬೆರಸಕ್ಕೋ ಹುಣಸೆಹುಳಿಗೋ ಹಾಕಿದರೂ ಅಷ್ಟೆ, ತೀರಾ ಹುಳಿಯಲ್ಲಿ ಅಲಿನೇಸ್ ಕೆಲಸ ಮಾಡದು. ಮೊದಲು ಪುಡಿಯನ್ನು ಎರಡರಷ್ಟು ತಣ್ಣೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಡಬೇಕು. ಆ ಹೊತ್ತಿಗೆ ಅಲಿಸಿನ್ ಹುಟ್ಟಿರುತ್ತದೆ. ಆಮೇಲೆ ಸಾರಿಗೋ, ಪಲ್ಯಕ್ಕೋ, ಹುಳಿಗೋ ಸೇರಿಸಬಹುದು. ಚಟ್ನಿಪುಡಿಗೆ ಈ ಕಟ್ಟಳೆ ಬೇಕಿಲ್ಲ. ಒಣ ಬಿಲ್ಲೆಯನ್ನು ಹುರಿಯದೆ ಹಾಗೆಯೇ ಕುಟ್ಟಿ ಶೇಂಗಾ, ಖಾರದ ಜೊತೆ ಬೆರೆಸಿದರೆ ಉಣ್ಣುವವರ ಬಾಯಿಯ ನೀರೇ ಅದನ್ನು ಎಬ್ಬಿಸುತ್ತದೆ.

ಬರುವ ಮಾರ್ಚಿನಲ್ಲಿ ಹೊಸ ಬೆಳ್ಳುಳ್ಳಿ ಸಂತೆಗೆ ಬಂದಾಗ ಒಂದು ಕಿಲೋ ಒಣಗಿಸಿ ನೋಡಿ. ಬಾಟಲಿಯ ಮೇಲೆ ತಾರೀಖು ಬರೆದಿಡಿ. ಆರು ತಿಂಗಳ ಬಳಿಕ ಒಂದು ಬಿಲ್ಲೆ ಮುರಿದು ಪುಡಿ ಮಾಡಿ ನಾಲಿಗೆಯ ಮೇಲಿಟ್ಟುಕೊಳ್ಳಿ. ಸ್ವಲ್ಪ ಹೊತ್ತಿನಲ್ಲಿ ಘಾಟು ಏರಿದರೆ ಬಿಸಿಯೂ ನೀರೂ ಎರಡೂ ನಿಮ್ಮ ಹಿಡಿತದಲ್ಲಿದ್ದವು. ಏರದೆ ಸಪ್ಪೆಯಾಗಿಯೇ ಉಳಿದರೆ ಮುಂದಿನ ಸಲ ಬಿಸಿಯನ್ನು ಹತ್ತು ಡಿಗ್ರಿ ಇಳಿಸಿ.